ಊರೆಲ್ಲ ಕೂಡಿ ನೋಡಿದ ಕಾಲ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಷೇರು ಬಂಡವಾಳ, ಸಾಲ ವಸೂಲಿ, ಗೋದಾಮು ಕಟ್ಟಿದ ಸಂಗತಿಗಳನ್ನು ಸದಸ್ಯ ಬಾಂಧವರು ಬೇರೆ ಪುಟಗಳಲ್ಲಿ ಓದಲಿದ್ದೀರಿ. ನಾವಿಲ್ಲಿ ಹೇಳಹೊರಟಿರುವುದು ಯಾವ ನಡಾವಳಿ ಪುಸ್ತಕದಲ್ಲೂ ಬರೆದಿಡದ ಒಂದು ಇತಿಹಾಸ. ಸಂಘ ಹುಟ್ಟುವುದಕ್ಕೂ ಮೊದಲು ನಮ್ಮ ಭಾಗದ ಮಂದಿ ಒಂದು ಕಡೆ ಕೂಡಿ ಕೂತು ಏನೇನು ನೋಡಿದರು, ಹೇಗೆ ನೋಡಿದರು ಎಂಬ ಕತೆ. "ಸಿನಿಮಾ, ಟಿ.ವಿ. ಸುದ್ದಿ ಸಂಘದ ಪುಸ್ತಕದಾಗ ಯಾಕ?" ಎಂದು ಹಿರಿಯರು ಕೇಳಬಹುದು. ಓದಿ ಮುಗಿಸಿದ ಮೇಲೆ ಅವರೇ ತೀರ್ಮಾನ ಮಾಡಲಿ.

ಟೆಂಟಿನ ನೆಲ

ಮೊದಲು ಬಂದದ್ದು ಟೆಂಟ್ ಸಿನಿಮಾ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಟೂರಿಂಗ್ ಟಾಕೀಸಿನವರು ಹೋಬಳಿ ಊರಿನ ಬಯಲಿನಲ್ಲಿ ಡೇರೆ ಹೊಡೆಯುತ್ತಿದ್ದರು. ಸಂಜೆ ಮೈಕಿನಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿತೆಂದರೆ ಟಿಕೆಟ್ ಕೊಡಲು ಸುರುವಾಯಿತು ಎಂದರ್ಥ. ಬುತ್ತಿ ಕಟ್ಟಿಕೊಂಡು ಚಕ್ಕಡಿ ಹೂಡಿಕೊಂಡು ಹೊರಟುಬಿಡುತ್ತಿದ್ದೆವು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ನಮ್ಮದು ಯಾವಾಗಲೂ ನೆಲ. ಒಂದೇ ಮಷಿನ್ ಇದ್ದುದರಿಂದ ರೀಲು ಬದಲಿಸುವಾಗೆಲ್ಲ ಕತ್ತಲೆಗೆ ಬದಲು ಬೆಳಕು, ಬೆಳಕಿನ ಜೊತೆ ಶೇಂಗಾ ಮಾರುವವನ ಕೂಗು.

1954ರ 'ಬೇಡರ ಕಣ್ಣಪ್ಪ'ವನ್ನು ನಮ್ಮ ಹಿರಿಯರು ನೋಡಿದ್ದು ಹೀಗೆಯೇ. ಊರ ಬಯಲಾಟದಲ್ಲಿ ಪಾತ್ರ ಕಟ್ಟಿದವರು ಮಾರನೇ ದಿನ ರಾಜಕುಮಾರರ ಹಾಗೆ ನಡೆಯುವುದನ್ನು ಅಭ್ಯಾಸ ಮಾಡಿದರಂತೆ. ಮುಂದೆ 1972ರಲ್ಲಿ ತ.ರಾ.ಸು. ಅಲ್ಲ, ಟಿ.ಕೆ. ರಾಮರಾಯರ ಕಾದಂಬರಿಯಿಂದ ಸಿದ್ಧಲಿಂಗಯ್ಯನವರು ತೆಗೆದ 'ಬಂಗಾರದ ಮನುಷ್ಯ' ಬಂತು. ಬರಡು ನೆಲವನ್ನು ಹಸನು ಮಾಡುವ ರಾಜೀವನನ್ನು ನೋಡಿ ಬಂದ ಮೇಲೆ ಹೊಲದಾಗ ಕಲ್ಲು ಎತ್ತುವವನಿಗೂ ಒಂದು ಗತ್ತು ಬಂದಿತ್ತು. ರೈತನ ಬದುಕು ಪರದೆಯ ಮೇಲೆ ಅಷ್ಟು ದೊಡ್ಡದಾಗಿ ಕಂಡದ್ದು ನಮಗೆ ಅದೇ ಮೊದಲು.

ಆಕಾಶದಿಂದ ಬಂದ ಟಿ.ವಿ.

ಈಗಿನ ಹುಡುಗರು ನಂಬಲಿಕ್ಕಿಲ್ಲ: ಕನ್ನಡ ನಾಡಿನಲ್ಲಿ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಕಡೆಯ ಹಳ್ಳಿಗಳಿಗೆ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗವೆಂದು ಸುರುವಾದ ಟಿ.ವಿ. ಹದಿಮೂರು ವರ್ಷ ಬಿಟ್ಟು 1972ರಲ್ಲಿ ಮುಂಬಯಿಗೆ ಹೋಯಿತು. ಬೆಂಗಳೂರು ದೂರದರ್ಶನ ಸುರುವಾದದ್ದು 1981ರಲ್ಲಿ. ಆದರೆ 1975ರ ಆಗಸ್ಟ್ 1ರಂದೇ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಬೆಳಗಿತು. ಮದರಾಸಿಗೆ ಕೂಡ ಅದು ಬಂದದ್ದು ಎರಡು ವಾರದ ನಂತರ!

ಅದು ವಿಕ್ರಮ್ ಸಾರಾಭಾಯಿಯವರು ಕಂಡಿದ್ದ ಕನಸು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. 1971ರಲ್ಲಿ ತೀರಿಕೊಂಡ ಅವರು ಅದನ್ನು ಕಣ್ಣಾರೆ ನೋಡಲಿಲ್ಲ. ನಾಸಾದವರ ಉಪಗ್ರಹವೊಂದನ್ನು ಪೂರ್ವ ಆಫ್ರಿಕದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಲ್ಲಿಸಿ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮ ಕಳಿಸಿದರು. ನಮ್ಮ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಮುಂಜಾನೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಒಕ್ಕಲುತನ, ದನಕರು, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು, ಆಟ. ಅರ್ಧ ತಾಸು ಹಿಂದಿ.

ನಮ್ಮೂರಿಗೆ ಆ ಪೆಟ್ಟಿಗೆ ಬರಲಿಲ್ಲ. ಬಂದ ಊರು ಒಂದು ಹರದಾರಿ ದೂರ. ಸಂಜೆ ಕಂದೀಲು ಹಿಡಿದು ನಡೆದು ಹೋಗುತ್ತಿದ್ದೆವು. ಶಾಲೆಯ ಪಕ್ಕದಲ್ಲಿ ಹತ್ತು ಅಡಿ ಅಗಲದ ದೊಡ್ಡ ಬುಟ್ಟಿಯಂಥ ಆಂಟೆನಾ, ಅದಕ್ಕೆ ಕೋಳಿ ಗೂಡಿಗೆ ಬಡಿಯುವಂಥ ತಂತಿ ಜಾಲರಿ. "ಇಷ್ಟು ಸಣ್ಣ ಡಬ್ಬಿಯೊಳಗ ಇಷ್ಟು ಮಂದಿ ಹ್ಯಾಂಗ ಹೊಕ್ಕಾರ?" ಎಂದು ಮುದುಕಿಯೊಬ್ಬಳು ಹಿಂದಿನಿಂದ ಬಗ್ಗಿ ನೋಡಿದ್ದನ್ನು ನೆನೆಸಿಕೊಂಡು ನಾವು ಬಹಳ ವರ್ಷ ನಕ್ಕಿದ್ದೇವೆ. ಆದರೆ ಅದೇ ಮುದುಕಿ ವಾರದೊಳಗೆ ಎಳೆಗೂಸಿಗೆ ಭೇದಿಯಾದರೆ ಏನು ಕೊಡಬೇಕೆಂದು ಓಣಿಯವರಿಗೆ ಹೇಳತೊಡಗಿದ್ದಳು.

ಮುಖ್ಯ ಮಾತೇನೆಂದರೆ, ಆ ಟಿ.ವಿ. ಯಾರ ಮನೆಯದೂ ಅಲ್ಲ. ಎಲ್ಲರೂ ಬರಬೇಕೆಂದೇ ಅದನ್ನು ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಜಾಗದಲ್ಲಿ ಇಟ್ಟಿದ್ದರು. ಗೌಡರೂ ಅಲ್ಲೇ, ಜೀತದಾಳೂ ಅಲ್ಲೇ, ಹೆಣ್ಣುಮಕ್ಕಳೂ ಅಲ್ಲೇ.

1976ರ ಜುಲೈ 31ಕ್ಕೆ ಒಪ್ಪಂದದ ಅವಧಿ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ವಾಪಸು ಸರಿಸಿಕೊಂಡರು. ಮರುದಿನವೂ ಕಂದೀಲು ಹಿಡಿದು ಹೋದವರಿದ್ದರು. ಪರದೆ ಬೆಳಗಲಿಲ್ಲ. ಮುಂದಿನ ವರ್ಷ, 1977ರಲ್ಲಿ, ಗುಲ್ಬರ್ಗಾದಲ್ಲೇ ಟಿ.ವಿ. ಪ್ರಸಾರ ಕೇಂದ್ರವಾದಾಗ ಹತ್ತಿರದ ಕೆಲವು ಹಳ್ಳಿಗಳಿಗೆ ಮತ್ತೆ ಬೆಳಕು ಬಂತು.

ಭಾನುವಾರದ ಮುಂಜಾನೆ

ಎಂಬತ್ತರ ದಶಕದಲ್ಲಿ ಟಿ.ವಿ. ಮನೆಗಳಿಗೆ ಬಂತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣ ಬಂತು, ಆದರೆ ನಮ್ಮೂರಿಗೆ ಬಂದದ್ದು ಕಪ್ಪು ಬಿಳುಪೇ. ಮಾಳಿಗೆ ಮೇಲೆ ಒಬ್ಬ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ ಕೂಗುವುದು: "ಬಂತೇನಲೇ?" "ಬಂತು... ಬಂತು... ಹೋತಲೇ!" ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಹಚ್ಚುತ್ತಿದ್ದರು.

1987ರ ಜನವರಿ 25ರಂದು ರಮಾನಂದ ಸಾಗರರ 'ರಾಮಾಯಣ' ಸುರುವಾದ ಮೇಲೆ ಭಾನುವಾರ ಮುಂಜಾನೆ ಒಂಬತ್ತೂವರೆಗೆ ಹೊಲಕ್ಕೆ ಹೋಗುವವರೇ ಇಲ್ಲವಾದರು. ಟಿ.ವಿ.ಗೆ ಕುಂಕುಮ, ಹೂವಿನ ಹಾರ, ಊದಿನಕಡ್ಡಿ. ಅದು 1988ರ ಜುಲೈನಲ್ಲಿ ಮುಗಿದು, ಗಾಂಧಿ ಜಯಂತಿಯಂದು ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಹಿಡಿದು 1990ರ ಜೂನ್‌ವರೆಗೆ ನಡೆಯಿತು, 94 ಕಂತು. ಹಿಂದಿ ಬರುತ್ತಿದ್ದವರು ಊರಲ್ಲಿ ಎಷ್ಟು ಮಂದಿ? ನಮ್ಮ ಮುಸಲ್ಮಾನ ಓಣಿಯ ಮಾಮುನನ್ನು ಮುಂದೆ ಕೂರಿಸಿ, "ಏನಂದ? ಏನಂದ?" ಎಂದು ಕೇಳುತ್ತಿದ್ದೆವು. ಅವರ ಮನೆಮಾತಿನ ಉರ್ದುವಿಗೂ ಆ ಶುದ್ಧ ಹಿಂದಿಗೂ ಬಹಳ ದೂರ. ಆದರೂ ಬಯಲಾಟದಲ್ಲಿ ಕತೆ ಕೇಳಿ ಬೆಳೆದ ಮನುಷ್ಯ, ತಡೆಯದೆ ಹೇಳಿಬಿಡುತ್ತಿದ್ದರು. ಆ 'ಮಹಾಭಾರತ'ದ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಎಂಬ ಮುಸಲ್ಮಾನ ಲೇಖಕರು ಎಂದು ಮುಂದೆ ತಿಳಿದಾಗ ಮಾಮುನ ಹಿಗ್ಗು ನೋಡಬೇಕಿತ್ತು.

ಅದೇ ದಶಕದಲ್ಲಿ ಬಂದ 'ಮಾಲ್ಗುಡಿ ಡೇಸ್' ನಮಗೆ ಇನ್ನೂ ಹತ್ತಿರವಾಯಿತು. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್‌ನಾಗ್ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಚಿತ್ರಿಸಿದರು. ಮಾತು ಹಿಂದಿಯದಾದರೂ ಮನೆ, ಮಳೆ, ಬೀದಿ, ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಎಲ್ಲ ನಮ್ಮವೇ. ದೇಶವೆಲ್ಲ ಕನ್ನಡದ ಊರೊಂದನ್ನು ತನ್ನದೆಂದು ನೋಡಿತು.

ಹಳೆಯದೆಲ್ಲ ಬಂಗಾರವೆಂದು ಹೇಳುವುದು ಮಾತ್ರ ಸುಳ್ಳಾದೀತು. ಟಿ.ವಿ. ಶಾಲೆಯ ಅಂಗಳದಿಂದ ಅನುಕೂಲಸ್ಥರ ಪಡಸಾಲೆಗೆ ಬಂದಾಗ ಕೂರುವ ಜಾಗವೂ ಬದಲಾಯಿತು. ಕೆಲವರಿಗೆ ಪಡಸಾಲೆ, ಕೆಲವರಿಗೆ ಅಂಗಳ, ಕೇರಿಯ ಮಕ್ಕಳಿಗೆ ಕಿಟಕಿಯ ಹೊರಗೆ. ಸರಳುಗಳ ಸಂದಿನಿಂದ ರಾಮಾಯಣ ನೋಡಿದವರು ಇಂದು ನಮ್ಮ ಸಂಘದ ಸದಸ್ಯರಾಗಿದ್ದಾರೆ. "ನಮಗ ರಾವಣನ ಅರ್ಧ ಮುಖಾನೇ ಕಂಡಿತ್ರೀ" ಎಂದು ಅವರಲ್ಲೊಬ್ಬರು ನಗುತ್ತ ಹೇಳಿದರು. ನಮಗೆ ನಗಲು ಆಗಲಿಲ್ಲ.

ಬಲೆ ಹೊತ್ತು ಹಾರಿದ ಹಕ್ಕಿಗಳು

ಮಕ್ಕಳಿಗೆ ಕಾರ್ಟೂನು ಎಂದರೆ ಮೊದಲು ನೆನಪಾಗುವುದು 'ಏಕ್ ಅನೇಕ್ ಔರ್ ಏಕ್ತಾ'. 1974ರಲ್ಲಿ ವಿಜಯಾ ಮುಳೆಯವರು ಮಾಡಿದ ಪುಟ್ಟ ಚಿತ್ರ. ಬೊಂಬೆಗಳಿಗೆ ಜೀವ ಕೊಟ್ಟವರು ಭೀಮಸೇನ್. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಿಗೆ ರೆಕ್ಕೆ ಬಡಿದು ಬಲೆಯನ್ನೇ ಹೊತ್ತು ಹಾರುತ್ತವೆ, ಇಲಿಗಳು ಬಂದು ಬಲೆ ಕಡಿಯುತ್ತವೆ. ನಮ್ಮ ಅಜ್ಜಿಯರ ಪಂಚತಂತ್ರದ ಕತೆಯೇ. ದೂರದರ್ಶನದವರು ಅದನ್ನು ಎಷ್ಟು ಸಲ ಹಾಕಿದರೂ ಮಕ್ಕಳಿಗೆ ಬೇಸರವಿಲ್ಲ. 1993ರಲ್ಲಿ ಜಪಾನಿನವರು ತಯಾರಿಸಿದ್ದ 'ಜಂಗಲ್ ಬುಕ್' ಹಿಂದಿಯಲ್ಲಿ ಬಂದಾಗ ಗುಲ್ಜಾರರು ಬರೆದ ಹಾಡು ಅರ್ಥ ತಿಳಿಯದ ಮಕ್ಕಳ ಬಾಯಲ್ಲೂ ನಲಿದಾಡಿತು. ಚಡ್ಡಿ ಮೇಲೆ ಓಡಾಡುವ ಹುಡುಗರಿಗೆಲ್ಲ ಮೋಗ್ಲಿ ಎಂದೇ ಹೆಸರು.

ಎರಡು ರೂಪಾಯಿಯ ಸಿನಿಮಾ

ಇನ್ನೊಂದು ಚಿತ್ರದ ಮಾತನ್ನು ಸಂಘದ ಸಂಚಿಕೆಯಲ್ಲಿ ಹೇಳದಿದ್ದರೆ ತಪ್ಪಾದೀತು. 1976ರಲ್ಲಿ ಶ್ಯಾಮ್ ಬೆನೆಗಲ್ ತೆಗೆದ 'ಮಂಥನ್'. ಹಾಲಿನ ವ್ಯಾಪಾರಿಯ ಕೈಗೆ ಸಿಕ್ಕ ಹಳ್ಳಿಯವರು ತಮ್ಮದೇ ಸಹಕಾರ ಸಂಘ ಕಟ್ಟುವ ಕತೆ. ಅದಕ್ಕೆ ಹಣ ಹಾಕಿದವರು ಯಾವ ಸಾಹುಕಾರರೂ ಅಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದರು, ಹತ್ತು ಲಕ್ಷವಾಯಿತು. ಬಿಡುಗಡೆಯಾದಾಗ 'ನಮ್ಮ ಸಿನಿಮಾ' ನೋಡಲು ಹಳ್ಳಿಗಳಿಂದ ಲಾರಿ ತುಂಬಿ ಬಂದರು. ಊರಿಗೆ ಬರುವ ಪಶುವೈದ್ಯ ಡಾ. ರಾವ್ ಆಗಿ ನಮ್ಮ ಗಿರೀಶ ಕಾರ್ನಾಡರು, ಜೊತೆಗಾರನಾಗಿ ನಮ್ಮ ಅನಂತನಾಗ್. ಆ ಚಿತ್ರದಲ್ಲಿ ಸಂಘ ಸುಲಭವಾಗಿ ಹುಟ್ಟುವುದಿಲ್ಲ. ಸರಪಂಚನ ಗತ್ತು, ಜಾತಿಯ ಗೋಡೆ, ಕೇರಿಯವರ ಅಪನಂಬಿಕೆ ಎಲ್ಲ ಅಡ್ಡ ಬರುತ್ತವೆ. ಕಡೆಗೆ ಹೊರಗಿನಿಂದ ಬಂದ ಡಾಕ್ಟರು ಹೊರಟುಹೋಗುತ್ತಾನೆ. ಸಂಘ ನಡೆಸುವ ಹೊಣೆ ಊರವರ ಮೇಲೆಯೇ ಬೀಳುತ್ತದೆ. ನಮ್ಮ ಸಂಘದ ಮೊದಲ ವರ್ಷಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಉಳಿದದ್ದು, ಅಳಿದದ್ದು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡಿತು. ಕೊಲ್ಲಾಪುರದಲ್ಲಿ ತೆಗೆದದ್ದು, ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರ ಅಭಿನಯ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಪರದೆಯ ಮೊದಲ ಮಾತು ಹೇಗಿತ್ತೆಂದು ಇನ್ನು ಯಾರೂ ಕೇಳಲಾರರು. ಐದು ಲಕ್ಷ ರೈತರ 'ಮಂಥನ್' ಸ್ಥಿತಿ ಬೇರೆ. ಅದರ ಮೂಲ ಫಿಲ್ಮನ್ನು ಹುಡುಕಿ, ತೊಳೆದು, ಸರಿಪಡಿಸಿ 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬೆನೆಗಲ್ ತೀರಿಕೊಂಡರು; ಚಿತ್ರ ಉಳಿಯಿತು. ಯಾರಾದರೂ ತಮ್ಮದೆಂದು ಕಾಯ್ದರೆ ಮಾತ್ರ ಹಳೆಯದು ಉಳಿಯುತ್ತದೆ.

1994ರಲ್ಲಿ ಉದಯ ಟಿ.ವಿ. ಬಂತು, ಕೇಬಲ್ಲು ಬಂತು, ಆಮೇಲೆ ತಟ್ಟೆ, ಈಗ ಅಂಗೈಯಲ್ಲಿ ಮೊಬೈಲು. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ಮತ್ತೆ 'ರಾಮಾಯಣ', 'ಮಹಾಭಾರತ' ಹಾಕಿದಾಗ ನಾವೂ ನೋಡಿದೆವು. ಅದೇ ರಾಮ, ಅದೇ ಕೃಷ್ಣ. ಆದರೆ ಬಾಗಿಲು ಹಾಕಿಕೊಂಡು, ಅವರವರ ಮನೆಯಲ್ಲಿ. "ಏನಂದ?" ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಮಾಮುವೂ ಆಗ ಇರಲಿಲ್ಲ. ನಾವು ಇಷ್ಟು ವರ್ಷ ಹಂಬಲಿಸಿದ್ದು ಆ ಕಾರ್ಯಕ್ರಮಗಳಿಗಿಂತ ಹೆಚ್ಚಾಗಿ ಆ ಕೂಡುವಿಕೆಗೆ ಎಂದು ಅಂದು ತಿಳಿಯಿತು.

ಆದುದರಿಂದ ಸದಸ್ಯರಲ್ಲಿ ಎರಡು ವಿನಂತಿ. ಮನೆಯ ಅಟ್ಟದ ಮೇಲೆ ಹಳೆಯ ಫೋಟೋ, ಟಿಕೆಟ್ ತುಂಡು, ಕ್ಯಾಸೆಟ್ಟು, ಕೆಟ್ಟುಹೋದ ಕಪ್ಪು ಬಿಳುಪು ಟಿ.ವಿ. ಏನಿದ್ದರೂ ಗುಜರಿಗೆ ಹಾಕದೆ ಸಂಘದ ಕಚೇರಿಗೆ ತಲುಪಿಸಿರಿ. ಒಂದು ಕಪಾಟು ಅದಕ್ಕೆಂದೇ ಇರಲಿ. ಹಾಗೆಯೇ ಕಂದೀಲು ಹಿಡಿದು ನಡೆದ ಹಿರಿಯರು ಇನ್ನೂ ನಾಲ್ಕಾರು ಮಂದಿ ಇದ್ದಾರೆ, ಅವರ ಮಾತನ್ನು ಹುಡುಗರು ಬರೆದಿಡಲಿ. ಎರಡನೆಯದು, ವರ್ಷಕ್ಕೊಂದು ಸಂಜೆ ಸಂಘದ ಸಭಾಂಗಣದಲ್ಲಿ ಒಂದು ಹಳೆಯ ಚಿತ್ರ ತೋರಿಸೋಣ. ಮೊದಲ ವರ್ಷ 'ಮಂಥನ್' ಆಗಲಿ. ಖರ್ಚಿಗೆ ಮನೆಗೆ ಎರಡು ರೂಪಾಯಿಯಂತೆ ಪಟ್ಟಿ ಎತ್ತಿದರೆ ಸಾಲದು, ಕಾಲ ಬದಲಾಗಿದೆ. ಉಳಿದದ್ದನ್ನು ಸಂಘ ನೋಡಿಕೊಳ್ಳಲಿ. ಕುರ್ಚಿ ಬೇಡ, ಜಮಖಾನ ಹಾಸಿದರೆ ಸಾಕು. ಕಿಟಕಿಯ ಹೊರಗೆ ನಿಂತು ನೋಡಿದವರನ್ನು ಅವತ್ತು ಮುಂದಿನ ಸಾಲಿಗೆ ಕರೆಯೋಣ.