ಸ್ಕೂಲ್ ಬಟ್ಟೆಗೆ ದುಡ್ಡು

ಹಿಪ್‌ಹಾಪ್ ಮೊದಲು ಶುದ್ಧ ಕಲೆಯಾಗಿತ್ತು, ಆಮೇಲೆ ದುಡ್ಡು ಬಂದು ಕೆಟ್ಟುಹೋಯ್ತು ಅಂತ ಗೆಳೆಯರ ಮುಂದೆ ನಾನು ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಅದು ಹುಟ್ಟಿದ ಕಥೆ ಓದಿದ ಮೇಲೆ ಬಾಯಿ ಮುಚ್ಚಿಕೊಂಡೆ. ಶುರುವಾಗಿದ್ದೇ ದುಡ್ಡಿಗಾಗಿ!

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ಅಪಾರ್ಟ್‌ಮೆಂಟು. ಜಮೈಕಾದಿಂದ ವಲಸೆ ಬಂದಿದ್ದ ಕ್ಯಾಂಪ್‌ಬೆಲ್ ಕುಟುಂಬದ ಸಿಂಡಿಗೆ ಸ್ಕೂಲ್ ಶುರುವಾಗೋ ಮುಂಚೆ ಹೊಸ ಬಟ್ಟೆ ಬೇಕಿತ್ತು. ಅದೂ ಎಲ್ಲರೂ ಹೋಗೋ ಹತ್ತಿರದ ಅಂಗಡಿಯದ್ದಲ್ಲ, ಮ್ಯಾನ್‌ಹಟನ್ನಿನ ಡೆಲಾನ್ಸಿ ಸ್ಟ್ರೀಟಿನದ್ದು. ಕಟ್ಟಡದ ಕೆಳಗಿನ ರಿಕ್ರಿಯೇಷನ್ ರೂಮನ್ನು ಬಾಡಿಗೆಗೆ ಹಿಡಿದಳು. ಸಣ್ಣ ಕಾರ್ಡುಗಳ ಮೇಲೆ ಕೈಯಲ್ಲೇ ಬರೆದ ಆಹ್ವಾನ ಹಂಚಿದ್ದಾಯ್ತು. ಟಿಕೆಟ್ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. (ಹುಡುಗಿಯರು ಬಂದ್ರೆ ಹುಡುಗರು ತಾವಾಗೇ ಬರ್ತಾರೆ ಅನ್ನೋ ಲೆಕ್ಕ ಇದ್ದೀತು.) ಡಿಜೆ? ಮನೆಯಲ್ಲೇ ಇದ್ದನಲ್ಲ, 18ರ ಅಣ್ಣ ಕ್ಲೈವ್, ಅಂದ್ರೆ ಡಿಜೆ ಕೂಲ್ ಹರ್ಕ್.

ಹಾಡಿನ ನಡುವೆ ಬರೀ ಡ್ರಮ್ಮು ಉಳಿಯೋ ಜಾಗಕ್ಕೇ ಜನ ಕಾದಿದ್ದು ಕುಣಿಯುತ್ತಾರೆ ಎಂಬುದನ್ನು ಹರ್ಕ್ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಅದರಲ್ಲೊಂದು ಮುಗಿದೊಡನೆ ಇನ್ನೊಂದಕ್ಕೆ ಹಾರಿ, ಕೆಲವೇ ಸೆಕೆಂಡಿನ ಆ ತುಣುಕನ್ನು ನಿಮಿಷಗಟ್ಟಲೆ ಎಳೆಯೋದನ್ನು ಕಲಿತ. ಮಿಕ್ಕಿದ್ದೆಲ್ಲ ಅದರ ಮೇಲೇ ಬೆಳೆದದ್ದು.

ಸುತ್ತಲಿನ ಬ್ರಾಂಕ್ಸ್ ಹೇಗಿತ್ತು ಗೊತ್ತಾ? ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಕೇರಿಗಳನ್ನು ಸೀಳಿಹಾಕಿತ್ತು. ಫ್ಯಾಕ್ಟರಿ ಕೆಲಸಗಳು ಹೋಗಿದ್ದವು. ವಿಮೆ ಹಣಕ್ಕಾಗಿ ತಮ್ಮದೇ ಕಟ್ಟಡಕ್ಕೆ ಬೆಂಕಿ ಇಡಿಸಿದ ಮಾಲೀಕರೂ ಇದ್ದರು. ಇಂಥಲ್ಲಿ ಸಾಲ ಇಲ್ಲ, ಹೂಡಿಕೆದಾರರಿಲ್ಲ. ಚಿಲ್ಲರೆ ಕಾಸಿನ ಟಿಕೆಟ್ಟೇ ಬಂಡವಾಳ. ನಮ್ಮ ಸ್ಟಾರ್ಟಪ್ ಭಾಷೆಯಲ್ಲಿ ಹೇಳೋದಾದ್ರೆ ಸಿಂಡಿಯೇ ಫೌಂಡರ್. ಆದ್ರೆ ನಾನು ಓದಿದ ಎಷ್ಟೋ ಲೇಖನಗಳಲ್ಲಿ ಅವಳು 'ಡಿಜೆ ತಂಗಿ' ಅಷ್ಟೇ.

ದೊಡ್ಡ ದುಡ್ಡು ಮಾತ್ರ ಬೇರೆ ಕಡೆ ಹರಿಯಿತು. 1979ರಲ್ಲಿ ನ್ಯೂಜೆರ್ಸಿಯ ಶುಗರ್ ಹಿಲ್ ರೆಕಾರ್ಡ್ಸ್ 'ರ್‍ಯಾಪರ್ಸ್ ಡಿಲೈಟ್' ಹೊರತಂದಾಗ ಕೇರಿಯ ಪಾರ್ಟಿ ಅಂಗಡಿಯ ಸರಕಾಯಿತು. ಹರ್ಕ್ 2011ರಲ್ಲಿ ಕಾಯಿಲೆಯಿಂದ ನರಳುತ್ತಿದ್ದಾಗ ಅವರಿಗೆ ಆರೋಗ್ಯ ವಿಮೆಯೇ ಇರಲಿಲ್ಲ. ಅಭಿಮಾನಿಗಳ ಮುಂದೆ ಕೈಚಾಚಬೇಕಾಯಿತು.

ಅದಕ್ಕೂ ನಾಲ್ಕು ವರ್ಷ ಮೊದಲು, 2007ರಲ್ಲಿ, ಸೆಡ್ಜ್‌ವಿಕ್ ಕಟ್ಟಡವನ್ನು ಕಡಿಮೆ ಬಾಡಿಗೆಯ ಯೋಜನೆಯಿಂದ ಹೊರತರಲು ಮಾಲೀಕರು ಹೊರಟರು. ಅಲ್ಲಿನ ಬಾಡಿಗೆದಾರರ ಕೈಲಿದ್ದ ಒಳ್ಳೇ ಅಸ್ತ್ರ ಒಂದೇ: ಹಿಪ್‌ಹಾಪ್ ಹುಟ್ಟಿದ್ದು ಇಲ್ಲೇ ಸ್ವಾಮಿ. ಅದನ್ನು ಹೇಳೋಕೆ ಹರ್ಕ್ ಬಂದರು. ಜೊತೆಗೆ ಸಿಂಡಿಯೂ ಬಂದರು.