ಗುಟ್ಟು ಬಲ್ಲವನ ಕೈಬರಹ

ಇಂಗ್ಲಿಷಿನಲ್ಲಿ ‘ಪ್ರಿವಿ’ ಎಂಬ ಹಳೆಯ ಮಾತೊಂದುಂಟು. ಒಳಗುಟ್ಟನ್ನು ಬಲ್ಲವನು ಎಂಬುದು ಅದರ ಒಂದು ಅರ್ಥ. ತನ್ನದೇ ಆದ, ಖಾಸಗಿಯಾದ ಎಂಬುದು ಇನ್ನೊಂದು. ಅರಸನ ಆಪ್ತಾಲೋಚನೆಯ ಸಭೆಗೂ ಅದೇ ಮಾತು, ಹಿತ್ತಿಲ ಕಕ್ಕಸಿಗೂ ಅದೇ ಮಾತು!

ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಗಳ ‘ಪ್ರಿವಿ ಪರ್ಸ್’ ಸಲ್ಲುತ್ತಿತ್ತು. ಕನ್ನಡದಲ್ಲಿ ಅದು ‘ರಾಜಧನ’ವಾಯಿತು. ಸೊಗಸಾದ ಮಾತೇ, ಆದರೆ ರಾಜನೂ ಧನವೂ ಉಳಿದು ಖಾಸಗಿತನ ಜಾರಿಹೋಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಧನವೂ ಹೋಯಿತು.

ಪ್ರಿವಿ ಕೌನ್ಸಿಲ್ಲಿನ ಕಥೆ ಬೇರೆ. ಐಮಂಗಲದ ಹೊಲದ ವ್ಯಾಜ್ಯವೊಂದು ಮೈಸೂರು ಸಂಸ್ಥಾನದ ನ್ಯಾಯಾಲಯಗಳಲ್ಲಿಯೇ ತೀರಬೇಕಿತ್ತು. ಬಳ್ಳಾರಿ ಸೀಮೆಯ ವ್ಯಾಜ್ಯವಾದರೋ ಮದರಾಸನ್ನು ದಾಟಿ ಲಂಡನ್ನಿಗೆ ಹೋಗಬಹುದಾಗಿತ್ತು. 1949ರವರೆಗೂ ಹೀಗೆಯೇ ನಡೆಯಿತು. ಹೆಸರು ಗುಟ್ಟಿನ ಸಭೆಯದಾದರೂ ಅದರ ತೀರ್ಪುಗಳು ಅಚ್ಚಾಗಿ ವಕೀಲರ ಮೇಜುಗಳನ್ನು ಸೇರುತ್ತಿದ್ದವು. ಮುಂಬಯಿ ಪ್ರಾಂತದಿಂದ ಹೋದ ಭೀಮಾಬಾಯಿ–ಗುರುನಾಥಗೌಡ ಮೊಕದ್ದಮೆ 1933ರ ವರದಿಗಳಲ್ಲಿದೆ. ಗಂಡನ ಅಪ್ಪಣೆಯಾಗಲಿ ದಾಯಾದಿಗಳ ಒಪ್ಪಿಗೆಯಾಗಲಿ ಇಲ್ಲದೆಯೇ ಆ ಭಾಗದ ವಿಧವೆ ದತ್ತು ಸ್ವೀಕರಿಸಬಹುದೆಂದು ಅಲ್ಲಿ ತೀರ್ಮಾನವಾಯಿತು.

ಈ ‘ಪ್ರಿವಿ’ ನಮ್ಮ ಪ್ರಾಚೀನ ಚರಿತ್ರೆಯೊಳಕ್ಕೂ ನುಸುಳಿದೆ. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳನ್ನು ನೋಡಬೇಕು. ನಾಲ್ಕನೆಯ ಶತಮಾನದವು, ಭಾಷೆ ಪ್ರಾಕೃತ, ಹೊರಟದ್ದು ಕಂಚಿಯಿಂದ. ಬ್ರಾಹ್ಮಣರಿಗೆ ತೋಟವೊಂದನ್ನು ದಾನವಿತ್ತ ಈ ಶಾಸನವನ್ನು ಸ್ವಹಸ್ತದಿಂದ ಬರೆದವನು ಕೋಲಿವಾಲದ ಭಟ್ಟಿಶರ್ಮ. ಅವನ ಪದವಿ ‘ರಹಸಾಧಿಕತ’, ಸಂಸ್ಕೃತದಲ್ಲಿ ಹೇಳುವುದಾದರೆ ರಹಸ್ಯಾಧಿಕೃತ. ಪಟಗಳನ್ನು ಸಂಪಾದಿಸಿದ ಬ್ಯೂಲರ್ ಇದನ್ನು ‘ಪ್ರಿವಿ ಕೌನ್ಸಿಲರ್’ ಎಂದು ಅನುವಾದಿಸಿದ.

ತಪ್ಪೆನ್ನಲಾರೆ. ಆದರೆ ಆ ಮಾತನ್ನು ಓದಿದೊಡನೆ ಲಂಡನ್ನಿನ ಸಭೆಯೊಂದು ನಮ್ಮ ಕಣ್ಣೆದುರು ಬಂದು ಕೂರುತ್ತದೆ. ಮೂಲದಲ್ಲಿ ಸಭೆಯ ಸುಳಿವೇ ಇಲ್ಲ. ಇರುವವನು ಅರಸನ ಗುಟ್ಟನ್ನು ಬಲ್ಲ, ಬರೆಯಬಲ್ಲ ಒಬ್ಬ ಅಧಿಕಾರಿ. ‘ಆಪ್ತ ಕರಣಿಕ’ ಎಂದರೆ ನಮ್ಮ ಕಿವಿಗೆ ಅವನು ಹತ್ತಿರವಾದಾನು. ಇನ್ನು, ಗುಟ್ಟಿನ ಆ ಅಧಿಕಾರಿ ಬರೆದ ಆಜ್ಞೆ ಯಾರನ್ನು ಉದ್ದೇಶಿಸಿದ್ದು? ರಾಜಕುಮಾರರು, ಸೇನಾಪತಿಗಳು, ಸುಂಕದವರು, ಅಮಾತ್ಯರು. ಅವರೊಡನೆ ದನಕಾಯುವವರು ಕೂಡ.