ಅಸ್ಮಾನಿ–ಸುಲ್ತಾನಿ: ನೆಪವೆಷ್ಟು, ನ್ಯಾಯವೆಷ್ಟು?

ರಾವೂರ, ವಾಡಿ, ಶಹಾಬಾದ ಸುತ್ತಲಿನ ನೆಲದಡಿ ಹಾಸುಹಾಸಾಗಿ ಮಲಗಿರುವ ಸುಣ್ಣಕಲ್ಲು ‘ಶಹಾಬಾದ ಕಲ್ಲು’ ಎಂದೇ ಹೆಸರಾಗಿ ಎಷ್ಟೋ ಮನೆಗಳ ನೆಲಹಾಸಾಗಿದೆ. ಈ ಕಲ್ಲನ್ನು ಎಬ್ಬಿಸಿ, ಸೀಳಿ, ಸಾಗಿಸುವವರಲ್ಲಿ ಹಲವರು ತಿಂಗಳ ಸಂಬಳದವರಲ್ಲ. ಬಿಡಿ ಕೆಲಸದ ಕರಾರಿನ ಮೇಲೆ ಬದುಕುವವರು. ಮದುವೆಯ ಫೋಟೊ ತೆಗೆಯುವವನದೂ ಬೋರ್ಡು ಬರೆಯುವವನದೂ ಅದೇ ಪಾಡು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ಇಂಥವರಿಗೆ ಎದುರಾದದ್ದು ಒಂದೇ ಪ್ರಶ್ನೆ: ‘ನಮ್ಮ ಕೈಯಲ್ಲಿ ಏನಿದೆ?’ ಎಂದು ಕೆಲಸ ಕೊಟ್ಟವರು ಕೈಚೆಲ್ಲಿದರೆ ಮಾಡಿದ ಕೆಲಸದ ಹಣವೂ ಮುಳುಗಿದಂತೆಯೇ?

ಈ ವಾದಕ್ಕೆ ಕಾನೂನಿನಲ್ಲಿ ‘ಫೋರ್ಸ್ ಮೆಜೂರ್’ ಎಂದು ಹೆಸರು. ಪದ ಫ್ರಾನ್ಸಿನದು, ವಿಚಾರ ಮಾತ್ರ ದಖನ್ನಿಗೆ ಹೊಸದಲ್ಲ. ಇಲ್ಲಿನ ಹಳೆಯ ಗುತ್ತಿಗೆ ಪತ್ರಗಳಲ್ಲಿ ‘ಅಸ್ಮಾನಿ–ಸುಲ್ತಾನಿ’ ಎಂಬ ಜೋಡಿ ಮಾತು ಬರುತ್ತಿತ್ತು. ಬರ, ನೆರೆಯಂತಹ ಆಕಾಶದ ಆಪತ್ತು ಅಸ್ಮಾನಿ. ದಂಡು, ದಾಳಿಯಂತಹ ದೊರೆಯಿಂದ ಬಂದ ಆಪತ್ತು ಸುಲ್ತಾನಿ. 1630–32ರಲ್ಲಿ ಮಳೆ ಕೈಕೊಟ್ಟು, ಷಹಜಹಾನನ ಸೈನ್ಯವೂ ದಖನ್ನಿನಲ್ಲಿದ್ದಾಗ ಜನ ಎರಡನ್ನೂ ಒಟ್ಟಿಗೇ ಕಂಡರು.

ಇಂಗ್ಲೆಂಡಿನ ನ್ಯಾಯ ಇದಕ್ಕಿಂತ ಕಠಿಣವಾಗಿತ್ತು. ಅಂತರ್ಯುದ್ಧದಲ್ಲಿ ಸೈನ್ಯ ತನ್ನನ್ನು ಜಮೀನಿನಿಂದ ಹೊರದಬ್ಬಿತೆಂದು ಗೇಣಿದಾರನೊಬ್ಬ ಹೇಳಿದರೂ 1647ರಲ್ಲಿ ಅವನ ಮೇಲೆ ಗೇಣಿ ಹೊರಿಸಲಾಯಿತು. 1863ರಲ್ಲಿ, ಬಾಡಿಗೆಗೆ ಒಪ್ಪಿದ್ದ ಸಂಗೀತ ಸಭಾಂಗಣವೇ ಸುಟ್ಟುಹೋದ ಮೊಕದ್ದಮೆಯಲ್ಲಿ ಆ ಬಿಗಿ ಸಡಿಲಿತು. 1872ರ ಭಾರತೀಯ ಕರಾರು ಕಾಯಿದೆಯ 56ನೇ ಕಲಮು ಅಸಾಧ್ಯವಾದ ಕರಾರು ಅನೂರ್ಜಿತ ಎಂದು ಸಾರಿತು. ನಿಜಾಮನ ರಾಜ್ಯದಲ್ಲಿದ್ದ ಕಲಬುರಗಿ ಸೀಮೆಗೆ ಈ ಕಾಯಿದೆ ವಿಸ್ತರಿಸಿದ್ದು 1951ರಲ್ಲಿ.

‘ಅಸಾಧ್ಯ’ ಎಂದರೇನು? 1953ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸತ್ಯವ್ರತ ಘೋಷ್ ಮೊಕದ್ದಮೆ ಅಪ್ಪಟ ಸುಲ್ತಾನಿ. ಕಲಕತ್ತೆಯಲ್ಲಿ 1940ರಲ್ಲಿ ನಿವೇಶನ ಮಾರಲು ಒಪ್ಪಿದ್ದ ಕಂಪನಿಯ ಜಮೀನನ್ನು ಸರ್ಕಾರ ಯುದ್ಧಕ್ಕೆಂದು ವಶಪಡಿಸಿಕೊಂಡಿತು. ಕಂಪನಿ ಕರಾರೇ ಮುಗಿಯಿತೆಂದಿತು. ಅಡ್ಡಿ ತಾತ್ಕಾಲಿಕ, ಕರಾರಿಗೆ ಕಾಲದ ಗಡುವೂ ಇಲ್ಲ, ಒಪ್ಪಂದವಾದದ್ದೇ ಯುದ್ಧಕಾಲದಲ್ಲಿ. ಆದ್ದರಿಂದ ಕರಾರು ಮುರಿದಿಲ್ಲವೆಂದು ನ್ಯಾಯಾಲಯ ಹೇಳಿತು. ಕೆಲಸ ದುಬಾರಿಯಾಯಿತೆಂಬ ಮಾತ್ರಕ್ಕೆ ಬಿಡುಗಡೆ ಇಲ್ಲವೆಂಬುದನ್ನು 1960ರಲ್ಲೂ 2017ರಲ್ಲೂ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಕೊರೊನಾ ಕಾಲದಲ್ಲಿ ಹಲವರು ತೋರಿಸಿದ್ದು ಕೇಂದ್ರ ಹಣಕಾಸು ಸಚಿವಾಲಯದ 2020ರ ಫೆಬ್ರುವರಿ 19ರ ಪತ್ರವನ್ನು. ಅದು ಸರ್ಕಾರಿ ಖರೀದಿಗೆ ಸಂಬಂಧಿಸಿದ್ದು. ಅದರಲ್ಲೂ ಎರಡು ಷರತ್ತುಗಳಿದ್ದವು: ಆಪತ್ತು ಬಂದೊಡನೆ ನೋಟಿಸು ಕೊಡಬೇಕು, ಈ ಕಲಮು ಕರಾರನ್ನು ಅಳಿಸುವುದಿಲ್ಲ, ಆಪತ್ತು ಇರುವಷ್ಟು ಕಾಲ ತಡೆಹಿಡಿಯುತ್ತದೆ ಅಷ್ಟೆ.

ಹಾಗಾದರೆ ಬಿಡಿ ಕೆಲಸಗಾರ ಮಾಡಬೇಕಾದದ್ದೇನು? ಮೊದಲು ಕರಾರು ಪತ್ರ ತೆಗೆದು ಇಂಥ ಕಲಮು ಇದೆಯೇ, ಅದರಲ್ಲಿ ಯಾವ ಆಪತ್ತುಗಳನ್ನು ಹೆಸರಿಸಿದೆ ಎಂದು ನೋಡಬೇಕು. ಕಲಮು ಇಲ್ಲದಿದ್ದರೆ ಎದುರಾಳಿಗೆ ಉಳಿಯುವುದು 56ನೇ ಕಲಮಿನ ಕಿರಿದಾದ ಬಾಗಿಲು ಮಾತ್ರ. ಬಳಿಕ, ಹಣ ಕೊಡುವುದನ್ನು ಆ ಆಪತ್ತೇ ತಡೆಯಿತೇ ಎಂದು ಲಿಖಿತವಾಗಿ ಕೇಳಬೇಕು. ಗಣಿ ನಿಂತಿರಬಹುದು, ಆದರೆ ನಿಲ್ಲುವ ಮುನ್ನ ಸೀಳಿ ಕೊಟ್ಟ ಕಲ್ಲಿನ ಬಾಕಿ ತೀರಿಸಲು ಅದು ಅಡ್ಡಿಯಲ್ಲ. ಕರಾರು ಅನೂರ್ಜಿತವಾದರೂ ಪಡೆದ ಲಾಭವನ್ನು ಹಿಂತಿರುಗಿಸಬೇಕು, ಇಲ್ಲವೇ ಪರಿಹಾರ ಕೊಡಬೇಕೆಂದು 65ನೇ ಕಲಮು ಹೇಳುತ್ತದೆ. ಈ ನಿಯಮ ಎರಡೂ ಕಡೆಗೆ ಅನ್ವಯಿಸುವುದರಿಂದ, ಮಾಡದ ಕೆಲಸಕ್ಕೆ ಪಡೆದ ಮುಂಗಡವನ್ನು ಕೆಲಸಗಾರನೂ ಮರಳಿಸಬೇಕಾದೀತು. ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಅವಧಿಯಿದೆ. ಸಂಬಂಧ ಕೆಡಬಾರದೆಂದು ಸುಮ್ಮನಿದ್ದವನ ಹಕ್ಕು ಅಷ್ಟರಲ್ಲಿ ಕಳೆದುಹೋಗಬಹುದು.

ಹಳೆಯ ಪತ್ರಗಳಲ್ಲಿ ಅಸ್ಮಾನಿ–ಸುಲ್ತಾನಿ ಎಂಬ ಮಾತನ್ನು ಬರೆದಿಟ್ಟದ್ದು ಬಡವನ ಹೊರೆ ಇಳಿಸಲು ನೆರವಾಗಲೆಂದು. ಅದೇ ಮಾತು ಅವನ ಕೂಲಿ ನುಂಗುವ ಸಾಧನವಾಗದಂತೆ ನೋಡಿಕೊಳ್ಳುವುದಕ್ಕೆ ಬೇಕಾದದ್ದು ಬರವಣಿಗೆಯಲ್ಲಿರುವ ಕರಾರು, ಕಾಲಕ್ಕೆ ಸರಿಯಾದ ನೋಟಿಸು.